ಹೇಳಿ ಕುಡಿಸಿದ ಚಹಾ

ಗಂಡನಿಗೆ ಡಯಾಲಿಸಿಸ್ ಶುರುವಾದ ಮೇಲೆ ಚಂದಮ್ಮನ ಪಾಲಿಗೆ ವಾರದಲ್ಲಿ ಉಳಿದದ್ದು ಎರಡೇ ದಿನ, ಸೋಮವಾರ ಮತ್ತು ಗುರುವಾರ. ಮಿಕ್ಕ ದಿನಗಳೆಲ್ಲ ಆ ಎರಡರ ದಣಿವು ಕಳೆಯುವುದರಲ್ಲೇ ಮುಗಿದುಹೋಗುತ್ತಿದ್ದವು. ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯಬೇಕು, ಬುತ್ತಿ ಕಟ್ಟಬೇಕು, ಗಂಡ ಕಲ್ಯಾಣಪ್ಪನ ರಟ್ಟೆ ಹಿಡಿದು ಕಮಲಾಪುರದ ಬಸ್‌ಸ್ಟ್ಯಾಂಡಿಗೆ ನಡೆಸಿಕೊಂಡು ಬರಬೇಕು. ಬೀದರ್ ಕಡೆಯಿಂದ ಬರುವ ಬಸ್ಸು ಅಲ್ಲಿಗೆ ಬರುವಷ್ಟರಲ್ಲೇ ತುಂಬಿರುತ್ತಿತ್ತು. ಯಾರನ್ನಾದರೂ ಕೇಳಿಕೊಂಡು ಅವನಿಗೊಂದು ಸೀಟು ಬಿಡಿಸಿ, ತಾನು ಕಂಬ ಹಿಡಿದು ನಿಂತು ಕಲಬುರಗಿ ಮುಟ್ಟುವ ಹೊತ್ತಿಗೆ ಅವಳಿಗೆ ದಿನವೇ ಮುಗಿದಂತೆ ಅನಿಸುತ್ತಿತ್ತು. ಮಗ ಮೌನೇಶ ತಾನು ಬರುತ್ತೇನೆ ಎಂದು ಬಹಳ ಸಲ ಹೇಳಿದ್ದ. ಆದರೆ ಕಲ್ಯಾಣಪ್ಪನಿಗೆ ಹೆಂಡತಿಯ ಹೊರತು ಬೇರೆ ಯಾರ ಕೈಯೂ ಒಗ್ಗುತ್ತಿರಲಿಲ್ಲ.

ದವಾಖಾನೆಯಲ್ಲಿ ಅವನನ್ನು ಒಳಗೆ ಕರೆದುಕೊಂಡು ಯಂತ್ರಕ್ಕೆ ಜೋಡಿಸಿದ ಮೇಲೆ ಅವಳಿಗೆ ಮಾಡಲು ಏನೂ ಇರುತ್ತಿರಲಿಲ್ಲ. ಹೊರಗಿನ ಹಾಲ್‌ನಲ್ಲಿ ಸ್ಟೀಲಿನ ಬೆಂಚು, ಗೋಡೆಯ ಮೇಲೆ ಸದ್ದಿಲ್ಲದೆ ಓಡುವ ಟಿ.ವಿ. ಪಕ್ಕದಲ್ಲಿ ಕುಳಿತವರು ಒಬ್ಬರ ನಂತರ ಒಬ್ಬರು ತಮ್ಮ ಮನೆಯ ಕಾಯಿಲೆಯ ಕಥೆ ಹೇಳುತ್ತಿದ್ದರು, ಕೊನೆಗೆ ಒಂದು ನಾಟಿ ಔಷಧಿಯ ಹೆಸರನ್ನೂ ಹೇಳುತ್ತಿದ್ದರು. ಮೊದಮೊದಲು ಅವಳೂ ಹೇಳಿದಳು, ಕೇಳಿದಳು. ಆಮೇಲೆ ಸೆರಗು ಮುಖದ ಮೇಲೆಳೆದು ನಿದ್ದೆ ಬಂದವಳಂತೆ ಕೂರುವುದನ್ನು ಕಲಿತಳು. ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಒಂದು ಗುರುವಾರ ನರ್ಸ್ ಸಪ್ನಾ ಬಂದು, ಹಾಲ್‌ಗೆ ಸೊಳ್ಳೆ ಔಷಧಿ ಹೊಡೆಯುವವರಿದ್ದಾರೆ, ಎಲ್ಲರೂ ಹೊರಗೆ ಹೋಗಿ, ಪೇಷಂಟುಗಳನ್ನು ನಾವು ನೋಡಿಕೊಳ್ಳುತ್ತೇವೆ ಎಂದಳು. ಚಂದಮ್ಮ ಗೇಟಿನ ಹೊರಗೆ ನಿಂತು ಎತ್ತ ಹೋಗಬೇಕೆಂದು ತಿಳಿಯದೆ ಅತ್ತಿತ್ತ ನೋಡಿದಳು. ಜಗತ್ ಸರ್ಕಲ್ ಕಡೆಗೆ ಹೋದರೆ ಪೇಟೆಯ ಗದ್ದಲ. ಕೋಟೆಯ ಕಡೆ ಒಂದಿಷ್ಟು ಬೇವಿನ ಮರಗಳು ಕಂಡವು. ನೆರಳಾದರೂ ಸಿಗಲಿ ಎಂದು ಅತ್ತ ನಡೆದಳು.

ಕೋಟೆ ನೋಡಲು ಬಂದವರ ಗಾಡಿಗಳು ಸಾಲಾಗಿ ನಿಂತಿದ್ದವು. ಕೋಟೆಯೊಳಗಿನ ಫಿರಂಗಿ ನೋಡಿ ಬಂದವರು, ದರ್ಗಾಕ್ಕೆ ಹೊರಟವರು, ಬುದ್ಧವಿಹಾರಕ್ಕೆ ಆಟೋ ಕೇಳುವವರು. ಅವರಿಗಾಗಿಯೇ ಹುಟ್ಟಿಕೊಂಡ ಚಹಾದ ಬಂಡಿಗಳೂ ಇದ್ದವು. ಬಾಯಾರಿಕೆ ತಡೆಯಲಾಗದೆ ಒಂದು ಕಡೆ ಚಹಾ ತೆಗೆದುಕೊಂಡಳು. ಸಕ್ಕರೆ ಕದಡಿದ ಬಿಸಿನೀರಿನಂತಿತ್ತು, ಎರಡು ಗುಟುಕಿಗೇ ಚೆಲ್ಲಿಬಿಟ್ಟಳು. ಕೋಟೆಯ ಖಂದಕದ ಬದಿಯ ಗಲ್ಲಿಯೊಳಗೆ ತಿರುಗಿದರೆ ಕೂರಲು ಕಟ್ಟೆಯೊಂದು ಸಿಗಬಹುದು ಎಂದು ಹೋದವಳಿಗೆ ಸಿಕ್ಕಿದ್ದು ಹಸಿರು ಬಾಗಿಲಿನ ಒಂದು ಸಣ್ಣ ಕೋಣೆ. ಮೇಲೆ ‘ಕೆಫೆ’ ಎಂದಷ್ಟೇ ಬರೆದ ಹಲಗೆ. ಒಳಗೆ ನಾಲ್ಕಾರು ಜನ ಕೂರುವಷ್ಟು ಜಾಗ. ನೆಲ ಆಗತಾನೆ ಒರೆಸಿದಂತೆ ತಣ್ಣಗಿತ್ತು.

ಒಲೆಯ ಹತ್ತಿರ ದುಪಟ್ಟಾ ಹೊದ್ದ ಹೆಂಗಸೊಬ್ಬಳು ನಿಂತಿದ್ದಳು, ಮೂವತ್ತೈದರ ಆಸುಪಾಸು. ಅವಳ ಹೆಸರು ಶಾಹಜಾದಿ ಎಂಬುದು ಚಂದಮ್ಮನಿಗೆ ಆಮೇಲೆ ತಿಳಿಯಿತು. ಚಂದಮ್ಮ ಹೊಸ್ತಿಲಲ್ಲೇ ನಿಂತಳು. ತನ್ನ ಆಯುಷ್ಯದಲ್ಲಿ ಒಬ್ಬಳೇ ಹೋಟೆಲಿನೊಳಗೆ ಕಾಲಿಟ್ಟವಳಲ್ಲ. ಇಲ್ಲಿ ಏನೇನು ಬೇಯಿಸುತ್ತಾರೋ ಎಂಬ ಅನುಮಾನವೂ ಕೊರಳಲ್ಲಿ ಲಿಂಗ ಧರಿಸಿದವಳಿಗೆ ಬಂತು. ಶಾಹಜಾದಿ ಅದನ್ನು ಅರಿತವಳಂತೆ, ಇಲ್ಲಿ ಚಹಾ, ಬಿಸ್ಕೀಟು, ಚುರುಮುರಿಯ ಸುಸಲಾ ಅಷ್ಟೇ ಇರುತ್ತದೆ ಎಂದಳು. ನಂತರ ಗೋಡೆಯ ಪಕ್ಕದ ಕುರ್ಚಿ ತೋರಿಸಿ, "ಕುಂದರ್ರಿ ಅಮ್ಮಾ. ಕಾಲು ಸೋತಾವ ನಿಮ್ಮವು," ಎಂದಳು.

ಕಾಲು ಸೋತಿವೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ಗಂಡನ ಆರೋಗ್ಯವನ್ನು. ಚಂದಮ್ಮ ಕುಳಿತಳು.

ಒಂದು ಪಾತ್ರೆಯಲ್ಲಿ ಹಾಲು ಕೆನೆಗಟ್ಟಿ ಮಂದವಾಗುತ್ತಿತ್ತು. ಇನ್ನೊಂದರ ಬಾಯಿಗೆ ಬಟ್ಟೆ ಕಟ್ಟಿ, ಒಳಗಿನ ಚಹಾಪುಡಿಯ ನೀರನ್ನು ಸಣ್ಣ ಉರಿಯ ಮೇಲೆ ಇಟ್ಟಿದ್ದಳು. ಯಾರಾದರೂ ಕೇಳಿದ ಮೇಲಷ್ಟೇ ಎರಡನ್ನೂ ಕೂಡಿಸಿ ಕೊಡುತ್ತಿದ್ದಳು. ಕಪ್ಪು ತುಟಿಗೆ ಹಚ್ಚಿದಾಗ ಮೊದಲು ಬಂದದ್ದು ಯಾಲಕ್ಕಿಯ ಕಂಪು, ಆಮೇಲೆ ಒಗರು, ಅದರ ಹಿಂದೆಯೇ ಹಾಲಿನ ಸವಿ. ಅವಳು ಅವಸರ ಮಾಡಲಿಲ್ಲ. ಕಪ್ಪು ಖಾಲಿಯಾಗುವಷ್ಟರಲ್ಲಿ ಹೆಗಲು ತಾನಾಗಿಯೇ ಇಳಿದು, ತಲೆ ಗೋಡೆಗೆ ಒರಗಿತ್ತು. ತಿಂಗಳುಗಟ್ಟಲೆ ಬೆಂಚಿನ ಮೇಲೆ ಬಾರದ ನಿದ್ದೆ ಆ ಕುರ್ಚಿಯಲ್ಲಿ ಬಂತು.

ಎಚ್ಚರವಾದಾಗ ಗಾಬರಿಯಿಂದ ಎದ್ದು ಓಡಿದಳು. ಅದೃಷ್ಟಕ್ಕೆ ಕಲ್ಯಾಣಪ್ಪನ ಕೈಯ ಸೂಜಿಯನ್ನು ಇನ್ನೂ ತೆಗೆಯುತ್ತಿದ್ದರು. ಅವನ ತುಟಿ ಒಣಗಿ ಬಿರಿದಿತ್ತು. ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ, ದಿನವಿಡೀ ಕುಡಿಯಬಹುದಾದ ನೀರನ್ನು ಒಂದು ಸಣ್ಣ ಬಾಟಲಿಯಲ್ಲಿ ಅಳೆದಿಡಬೇಕು, ಅದರ ಮೇಲೆ ಒಂದು ಹನಿಯೂ ಕೂಡದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಚಂದಮ್ಮ ಸೆರಗಿನ ಚುಂಗನ್ನು ತೋಯಿಸಿ ಅವನ ತುಟಿ ಒರೆಸಿದಳು. ತನ್ನ ಬಾಯೊಳಗಿನ ಚಹಾದ ರುಚಿ ಆ ಕ್ಷಣಕ್ಕೆ ಕಳ್ಳತನದ ಮಾಲಿನಂತೆ ಅನಿಸಿತು.

ಏಕೆಂದರೆ ಮನೆಯಲ್ಲಿ ಚಹಾದ ಮನುಷ್ಯ ಅವಳಲ್ಲ, ಅವನು. ಕೆಂಪು ಬಾಳೆಯ ತೋಟದಲ್ಲಿ ಮೂರು ಕಲ್ಲು ಹೂಡಿ, ಒಣಗಿದ ಸೋಗೆ ಉರಿಸಿ ಚಹಾ ಕಾಸುವವನು. ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಕುಡಿಸುವವನು. ಈಗ ಚಹಾ ಇಲ್ಲ. ತನ್ನದೇ ತೋಟದ ಬಾಳೆಹಣ್ಣು ಕೂಡ ಕಿಡ್ನಿ ಕೆಟ್ಟ ಅವನ ಪಾಲಿಗೆ ವಿಷ. ಗೊನೆ ಕಡಿದು ಸಂತೆಗೆ ಸಾಗಿಸುವ ದಿನ ಅವನು ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ.

ಇನ್ನು ಹೋಗಬಾರದೆಂದು ಅವಳು ನಿಶ್ಚಯಿಸಿದಳು. ಸೋಮವಾರ ಬಂದಾಗ ಕಾಲುಗಳು ತಾವಾಗಿಯೇ ಖಂದಕದ ಗಲ್ಲಿಗೆ ನಡೆದವು. ಆಮೇಲೆ ಅದೇ ರೂಢಿಯಾಯಿತು. ಒಂದು ಕಪ್ಪು ಚಹಾ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಒಂದು ಸಣ್ಣ ನಿದ್ದೆ. ಶಾಹಜಾದಿ ಅವಳು ಹೇಳಿಟ್ಟ ಹೊತ್ತಿಗೆ ಸರಿಯಾಗಿ ಹೆಗಲು ಮುಟ್ಟಿ ಎಬ್ಬಿಸುತ್ತಿದ್ದಳು. ಚಂದಮ್ಮ ಹೊರಡುವ ಮುನ್ನ ಬಾಯಿ ಮುಕ್ಕಳಿಸಿ ಒಂದಿಷ್ಟು ಸೋಂಪು ಅಗಿಯುತ್ತಿದ್ದಳು. ಗಂಡನಿಗೆ ಏನೂ ಹೇಳಲಿಲ್ಲ.

ಒಂದು ದಿನ ವಾಪಸು ಬರುವ ಬಸ್ಸಿನಲ್ಲಿ ಕಲ್ಯಾಣಪ್ಪ ಕಿಟಕಿಯ ಕಡೆ ನೋಡುತ್ತಲೇ ಕೇಳಿದ. "ಚಹಾ ಛಲೋ ಇತ್ತೇನು?"

ಅವಳು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. "ಯಾವ ಚಹಾರಿ?"

"ನಿನ್ನ ಸೆರಗಿಗಿ ಯಾಲಕ್ಕಿ ವಾಸನಿ ಅದ. ದವಾಖಾನ್ಯಾಗ ಯಾಲಕ್ಕಿ ಹಾಕಿ ಯಾರು ಚಹಾ ಕೊಡ್ತಾರ?"

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಯಿತು. ಆ ದಿನದಿಂದ ಅವಳು ಗಲ್ಲಿಯ ಕಡೆ ಹೋಗುವುದನ್ನು ನಿಲ್ಲಿಸಿದಳು. ಮತ್ತೆ ಅದೇ ಸ್ಟೀಲಿನ ಬೆಂಚು, ಅದೇ ನಾಟಿ ಔಷಧಿಗಳು. ದಣಿವು ಮೊದಲಿಗಿಂತ ಹೆಚ್ಚಾಗಿ ಮೈಗೆ ಏರಿತು. ಮನೆಯಲ್ಲಿ ಸೊಸೆಯ ಮೇಲೆ ಕಾರಣವಿಲ್ಲದೆ ರೇಗಿದಳು, ಹಾಲು ಉಕ್ಕಿ ಒಲೆ ಆರಿದ್ದೂ ಗೊತ್ತಾಗದೆ ಮುಂದೆಯೇ ನಿಂತಿದ್ದಳು.

ಹೀಗಿರುವಾಗ ಒಂದು ಸಂಜೆ ಮರಳುವ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಕುಳಿತದ್ದೊಂದೇ ನೆನಪು. ಕಣ್ಣು ಬಿಟ್ಟಾಗ ಜನ ಇಳಿಯುತ್ತಿದ್ದರು. ಕಮಲಾಪುರ ಯಾವಾಗಲೋ ಹಿಂದೆ ಉಳಿದು, ಬಸ್ಸು ಹುಮನಾಬಾದಿಗೆ ಬಂದು ನಿಂತಿತ್ತು. ಎಬ್ಬಿಸಲಿಲ್ಲವೇಕೆ ಎಂದು ಚಂದಮ್ಮ ಕೇಳಿದ್ದಕ್ಕೆ ಕಂಡಕ್ಟರ್, ಇಬ್ಬರೂ ಅಷ್ಟು ಗಾಢ ನಿದ್ದೆಯಲ್ಲಿದ್ದಿರಿ, ಮುಂದೆ ಹೊರಟವರೆಂದೇ ತಿಳಿದೆ ಎಂದ.

ವಾಪಸು ಬಸ್ಸಿಗಾಗಿ ಇಬ್ಬರೂ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತರು. ಅವಳು ಮಗನಿಗೆ ಫೋನ್ ಮಾಡಿ ತಡವಾಗುತ್ತದೆ ಎಂದಳು. ಫೋನ್ ಇಟ್ಟವಳಿಗೆ ಅಳು ತಡೆಯಲಾಗಲಿಲ್ಲ. ಸದ್ದು ಮಾಡದೆ ಅತ್ತಳು. ಕಲ್ಯಾಣಪ್ಪ, ಚಹಾಕ್ಕೆ ಹೋಗುವುದನ್ನು ಯಾಕೆ ಬಿಟ್ಟೆ ಎಂದು ಕೇಳಿದ.

"ನಿಮಗ ಒಂದು ಗುಟುಕು ನೀರಿಗಿ ಲೆಕ್ಕ ಅದ. ನಾ ಹೋಗಿ ಕುಂತು ಚಹಾ ಕುಡಿಯೂದೇನು?"

"ನೀ ಬಿಟ್ರ ನನ್ನ ಬಾಯಾರಿಕಿ ಹೋಯ್ತೇನು?" ಎಂದ ಅವನು. ಆಮೇಲೆ ಅವಳ ಕಡೆ ತಿರುಗಿದ. "ಹೋಗು ನೀ. ಬಂದು ಹೆಂಗಿತ್ತಂತ ನನಗ ಹೇಳು. ಕೇಳಿದ್ರ ಮೈಯಾಗ ನೀರು ಏರಂಗಿಲ್ಲ."

ಮುಂದಿನ ಸಲ ಅವಳು ಹೋದಳು. ಹಸಿರು ಬಾಗಿಲಿನಲ್ಲಿ ಅವಳನ್ನು ಕಂಡ ಶಾಹಜಾದಿ ಗೋಡೆಯ ಪಕ್ಕದ ಕುರ್ಚಿ ಒರೆಸಿದಳು. ಯಂತ್ರದಿಂದ ಬಿಡುಗಡೆಯಾದ ಗಂಡ ಹೆಂಗಿತ್ತು ಎಂದಾಗ ಚಂದಮ್ಮ, ಛಲೋ ಇತ್ತು ಎಂದಳು. ಅವನಿಗೆ ಅಷ್ಟು ಸಾಲಲಿಲ್ಲ. ಮೇಲೆ ಕೆನೆ ಇತ್ತೋ ಇಲ್ಲವೋ, ಬಣ್ಣ ಎಂಥದು, ಗಾಜಿನ ಲೋಟವೋ ಪಿಂಗಾಣಿ ಕಪ್ಪೋ, ಸಕ್ಕರೆ ಮೊದಲು ನಾಲಿಗೆಗೆ ಹತ್ತಿತೋ ಆಮೇಲೋ ಎಂದು ಒಂದೊಂದಾಗಿ ಕೇಳಿದ. ಅರ್ಧದಷ್ಟನ್ನು ಅವಳು ಗಮನಿಸಿಯೇ ಇರಲಿಲ್ಲ.

ಹೀಗಾಗಿ ಅವಳು ನೋಡುವುದನ್ನು ಕಲಿಯಬೇಕಾಯಿತು. ಕುಡಿಯುವ ಮುನ್ನ ಕಪ್ಪನ್ನು ಬೆಳಕಿಗೆ ಹಿಡಿಯುತ್ತಿದ್ದಳು. ಬಸ್ಸಿನಲ್ಲಿ ಹೇಳಲು ಏನಾದರೂ ಬೇಕಲ್ಲ ಎಂದು ಬಂದವರ ಮುಖಗಳನ್ನೂ ನೋಡತೊಡಗಿದಳು. ಬಿಸಿಲಲ್ಲಿ ಕೋಟೆ ಸುತ್ತಿ ಕೆಂಪಾಗಿ ಬಂದು, ಚಪ್ಪಲಿ ಬಿಚ್ಚಿ ತಣ್ಣನೆಯ ನೆಲದ ಮೇಲೆ ಪಾದ ಊರಿಕೊಂಡು ಕೂರುವ ಹೆಂಗಸರು. ನಾಗಪುರದಿಂದ ಬುದ್ಧವಿಹಾರ ನೋಡಲು ಬಂದು, ಅಲ್ಲಿಗಿಂತ ಇಲ್ಲಿ ಹೆಚ್ಚು ಫೋಟೋ ತೆಗೆದ ಹುಡುಗಿಯರು. ಒಂದು ಚಹಾ ಕುಡಿದು ಹೋದವರು ಗಲ್ಲಿಯ ತುದಿಯಿಂದ ತಿರುಗಿ ಬಂದು ಇನ್ನೊಂದು ಕೇಳಿದ್ದು. ಗಂಡ ಕಣ್ಣು ಮುಚ್ಚಿ ಕೇಳುತ್ತಿದ್ದ. ಒಮ್ಮೊಮ್ಮೆ ಅವನ ಗಂಟಲು ನುಂಗಿದಂತೆ ಅಲುಗುತ್ತಿತ್ತು. ದಣಿವು ಹೋಗಿರಲಿಲ್ಲ. ಆದರೆ ಅದನ್ನು ಈಗ ಇಬ್ಬರೂ ಕೂಡಿ ಹೊರುತ್ತಿದ್ದರು.

ಚಳಿಗಾಲ ಬಂದಾಗ ಅವನು ತಾನೇ ಬಾಯಿಬಿಟ್ಟು, ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗು ಎಂದ. ಚಂದಮ್ಮ ಸಪ್ನಾಳನ್ನು ಕೇಳಿದಳು. ಸಪ್ನಾ ಡಾಕ್ಟರನ್ನು ಕೇಳಿಬಂದು, ಅರ್ಧ ಕಪ್ಪು ಆಗಬಹುದು, ಆದರೆ ಅದು ಆ ದಿನದ ನೀರಿನಲ್ಲೇ ಸೇರಬೇಕು ಎಂದಳು. ಹೋಗುವ ದಿನ ಕಲ್ಯಾಣಪ್ಪ ಮುಂಜಾನೆಯಿಂದ ಬಾಟಲಿಯ ಮುಚ್ಚಳ ತೆಗೆಯಲಿಲ್ಲ. ಯಾಲಕ್ಕಿಯ ಒಂದು ಕಾಳನ್ನು ದವಡೆಯಲ್ಲಿ ಇಟ್ಟುಕೊಂಡೇ ಯಂತ್ರದ ಪಕ್ಕ ಮಲಗಿದ.

ದವಾಖಾನೆಯಿಂದ ಗಲ್ಲಿಯವರೆಗಿನ ದಾರಿ ಅವನಿಗೆ ದೊಡ್ಡದಾಯಿತು. ನಡುವೆ ಎರಡು ಕಡೆ ಕಟ್ಟೆಯ ಮೇಲೆ ಕುಳಿತ. ಚಂದಮ್ಮನ ಜೊತೆ ಅವನನ್ನು ಕಂಡೊಡನೆ ಶಾಹಜಾದಿಗೆ ಅವನು ಯಾರೆಂದು ತಿಳಿಯಿತು. "ಬರ್ರಿ ಕಾಕಾ," ಎಂದು ಒಳಗಿನಿಂದ ಕೈಯಿರುವ ಕುರ್ಚಿಯೊಂದನ್ನು ತಂದು ಹಾಕಿದಳು. ಅರ್ಧ ಕಪ್ಪನ್ನೂ ಇಡೀ ಕಪ್ಪಿನಷ್ಟೇ ಜತನದಿಂದ ಮಾಡಿದಳು. ಅವನು ಮೊದಲು ಎರಡೂ ಕೈಯಿಂದ ಕಪ್ಪು ಹಿಡಿದು ಉಗಿಯನ್ನು ಮುಖಕ್ಕೆ ತಂದುಕೊಂಡ. ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ. ಚಂದಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಕಪ್ಪನ್ನು ಕೆಳಗಿಟ್ಟ.

"ಕಬ್ಬಿಣ ನೆಕ್ಕಿದಂಗ ಆಗ್ತದ," ಎಂದ.

ಶಾಹಜಾದಿ ಒಲೆ ಬಿಟ್ಟು ಬಂದಳು. ಬೇರೆ ಮಾಡಿಕೊಡುತ್ತೇನೆ ಎಂದಳು. ಅವನು ಕೈ ಅಡ್ಡ ಮಾಡಿದ. "ನಿನ್ನ ಚಹಾದ ತಪ್ಪಿಲ್ಲವ್ವಾ. ನನ್ನ ನಾಲಿಗಿನೇ ಕೆಟ್ಟದ. ಎಲ್ಲಾ ಹಿಂಗ ಹತ್ತತದ."

ಮನೆಯಲ್ಲಿ ಅನ್ನ, ಪಲ್ಯ, ರೊಟ್ಟಿ ಎಲ್ಲವನ್ನೂ ಅವನು ಇಷ್ಟು ದಿನ ಹೀಗೆ ಕಬ್ಬಿಣದ ರುಚಿಯಲ್ಲೇ ಉಣ್ಣುತ್ತಿದ್ದನೆಂಬುದು ಚಂದಮ್ಮನಿಗೆ ಆಗ ತಿಳಿಯಿತು. ಅವನು ಒಂದು ಸಲವೂ ಹೇಳಿರಲಿಲ್ಲ. ಅವಳು ಮೇಜಿನ ಅಂಚನ್ನು ಸೆರಗಿನಿಂದ ಒರೆಸುತ್ತ ಕುಳಿತಳು.

ಅವನು ಕಪ್ಪನ್ನು ಅವಳ ಕಡೆ ಸರಿಸಿದ. "ಕುಡಿ. ಆರತದ."

"ಬ್ಯಾಡ್ರಿ. ನಿಮ್ಮ ಮುಂದ ನನಗ ಹೋಗಂಗಿಲ್ಲ."

"ಕುಡಿಯೇ. ನೀ ಕುಡಿಯೂದು ನೋಡಬೇಕಂತನೇ ಬಂದೀನಿ."

ಅವಳು ಕುಡಿದಳು. ಅವನು ಮೊಣಕೈ ಊರಿ, ಗದ್ದಕ್ಕೆ ಕೈ ಕೊಟ್ಟು ನೋಡುತ್ತಿದ್ದ. ಅವಳು ಕಪ್ಪು ಇಟ್ಟ ಮೇಲೆ, ಹೌದು, ಕೆನೆ ನೀನು ಹೇಳಿದಷ್ಟೇ ಇತ್ತು ಎಂದ. ಆಮೇಲೆ ಕುರ್ಚಿಯಲ್ಲೇ ಹಿಂದಕ್ಕೊರಗಿ ಕಣ್ಣು ಮುಚ್ಚಿದ. ಪ್ರವಾಸಿಗರ ಗುಂಪೊಂದು ಬಾಗಿಲಿಗೆ ಬಂದು ಜಾಗ ಇದೆಯೇ ಎಂದು ಇಣುಕಿತು. ಶಾಹಜಾದಿ ಬೆರಳು ತುಟಿಗೆ ಇಟ್ಟು ಅವರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಅಲ್ಲಿಗೇ ಚಹಾ ಒಯ್ದು ಕೊಟ್ಟಳು.

ಆಮೇಲೆ ಅವನು ಮತ್ತೆ ಅಲ್ಲಿಗೆ ಬರುತ್ತೇನೆ ಎನ್ನಲಿಲ್ಲ. ಗುರುವಾರ ಚಂದಮ್ಮ ಒಬ್ಬಳೇ ಹೋಗಿ ಬಂದಳು. ಸಂಜೆಯ ಬಸ್ಸಿನಲ್ಲಿ ಅವನು ಚಹಾದ ಬಣ್ಣ ಕೇಳಲಿಲ್ಲ, ಸಕ್ಕರೆ ಕೇಳಲಿಲ್ಲ.

"ಇವತ್ತು ಯಾರ್ಯಾರು ಬಂದಿದ್ರು?" ಎಂದ.

ಸೊಲ್ಲಾಪುರದಿಂದ ಗಂಡ ಹೆಂಡತಿ ಬಂದಿದ್ದರು, ದರ್ಗಾಕ್ಕೆ ಮೊದಲು ಹೋಗಬೇಕೋ ಕೋಟೆಗೋ ಎಂದು ಜಗಳವಾಡುತ್ತ ಎರಡೆರಡು ಕಪ್ಪು ಕುಡಿದರು, ಕೊನೆಗೆ ಎಲ್ಲಿಗೂ ಹೋಗದೆ ಅಲ್ಲೇ ಕುಳಿತುಬಿಟ್ಟರು ಎಂದು ಚಂದಮ್ಮ ಹೇಳತೊಡಗಿದಳು. ಹೇಳುತ್ತ ಆಕಳಿಸಿದಳು. ಅವನು ಅವಳ ಮಡಿಲಲ್ಲಿದ್ದ ಬುತ್ತಿಯ ಚೀಲವನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಮುಂದೆ ಹೇಳು ಎಂದ.