ಮೂರನೆಯ ತಿರುವಿನ ನೆಲ

ಬೆಳಗ್ಗೆ ಆರೂವರೆಗೆ ಮೂರನೆಯ ತಿರುವಿನಲ್ಲಿ ಮೇಸ್ತ್ರಿಯ ಕಬ್ಬಿಣದ ಸರಳು ಎರಡು ಬೆರಳು ಹೆಚ್ಚಿಗೆ ಇಳಿಯಿತು.

ಇಪ್ಪತ್ತಾರು ವರ್ಷದಿಂದ ಆ ರೇಸ್ ಕೋರ್ಸಿನ ಮಣ್ಣಿನ ಟ್ರ್ಯಾಕ್ ನೋಡಿಕೊಳ್ಳುತ್ತಿದ್ದವನು ಅವನು. ದಿನಾ ಹತ್ತು ಹೆಜ್ಜೆಗೊಮ್ಮೆ ಸರಳು ಚುಚ್ಚಿ, ಸಡಿಲ ಮಣ್ಣು ಎಷ್ಟಿದೆ, ಗಟ್ಟಿ ಪದರ ಎಲ್ಲಿ ಸಿಗುತ್ತದೆ ಅಂತ ನೋಡಿ ಬರೆಯಬೇಕು. ಪದರ ಎಲ್ಲ ಕಡೆ ಒಂದೇ ಆಳದಲ್ಲಿ ಸಿಕ್ಕರೆ ಕುದುರೆಗೆ ಭಯವಿಲ್ಲ. ಒಂದು ಕಡೆ ತಪ್ಪಿದರೂ, ಕತ್ತಲಲ್ಲಿ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟಂತೆ.

ಮತ್ತೊಮ್ಮೆ ಚುಚ್ಚಿದ. ಅಷ್ಟೇ ಇಳಿಯಿತು. ಬೇರೆ ದಿನವಾಗಿದ್ದರೆ ಅಲ್ಲೇ ಹಗ್ಗ ಕಟ್ಟಿ ಟ್ರ್ಯಾಕ್ ಮುಚ್ಚಿಸುತ್ತಿದ್ದ. ಆದರೆ ಅವತ್ತು ಹತ್ತು ಗಂಟೆಗೆ ಕಮಿಟಿಯ ಸಭೆ ಇತ್ತು. ಆ ವರ್ಷ ಐದು ಕುದುರೆಗಳ ಕಾಲು ಮುರಿದಿತ್ತು. ಮಣ್ಣು ತೆಗೆಸಿ ಸಿಂಥೆಟಿಕ್ ಟ್ರ್ಯಾಕ್ ಹಾಕಿಸಬೇಕೋ ಬೇಡವೋ ಅನ್ನುವುದು ಅಲ್ಲಿ ತೀರ್ಮಾನವಾಗಬೇಕಿತ್ತು. ಬೇಕು ಅಂತ ವಾದಿಸುವವಳು ಕೋರ್ಸಿನ ಕುದುರೆ ಡಾಕ್ಟರು, ಅವನ ಸ್ವಂತ ಮಗಳು.

ಸರಳು ಒರೆಸಿ, ಎಂದಿನ ಅಳತೆಯನ್ನೇ ರಿಜಿಸ್ಟರಿನಲ್ಲಿ ಬರೆದ. ಸಭೆಯ ದಿನ ಬೆಳಗಿನ ಓಟ ಹೇಗೂ ಇಲ್ಲ, ಸಭೆ ಮುಗಿದ ಮೇಲೆ ಸರಿ ಮಾಡಿದರಾಯಿತು ಅಂದುಕೊಂಡ.

ಸಭೆಯಲ್ಲಿ ಮಗಳೇ ಮೊದಲು ಎದ್ದಳು. "ಸಿಂಥೆಟಿಕ್ ಅಂದ್ರೆ ಮೇಣ ಹಚ್ಚಿದ ಮರಳು, ಅದರಲ್ಲಿ ನಾರು, ರಬ್ಬರ್ ಚೂರು. ಮಳೆ ಬಂದ್ರೆ ನೀರು ಇಳಿದು ಹೋಗುತ್ತೆ. ನಮ್ಮ ಮಣ್ಣು ಹಾಗಲ್ಲ. ಸೋಮವಾರ ಕಲ್ಲು, ಮಂಗಳವಾರ ಕೆಸರು."

"ಬಿಸಿಲಿಗೆ ಮೇಣ ಅಂಟಾಗಲ್ವಾ?" ಮೇಸ್ತ್ರಿ ಕೂತಲ್ಲಿಂದಲೇ ಕೇಳಿದ. "ಮಣ್ಣಲ್ಲಿ ಗೊರಸು ಒಂಚೂರು ಜಾರಿ ನಿಲ್ಲುತ್ತೆ. ಅಂಟಲ್ಲಿ ಗಕ್ಕಂತ ನಿಲ್ಲುತ್ತೆ. ಮುಂಗಾಲು ಉಳಿಸ್ತೀರಿ, ಹಿಂಗಾಲಿನ ಗತಿ?"

ಹಳೆಯ ಟ್ರೈನರುಗಳು ತಲೆಯಾಡಿಸಿದರು. ಮಗಳ ಮುಖ ಕೆಂಪಾಯಿತು.

"ಐದರಲ್ಲಿ ಮೂರು ಕುದುರೆ ಬಿದ್ದಿದ್ದು ಮೂರನೇ ತಿರುವಲ್ಲೇ. ಅಲ್ಲಿ ಇವತ್ತಿನ ಅಳತೆ ಎಷ್ಟು ಮೇಸ್ತ್ರಿಗಳೇ?"

ಅವಳು ಅವನನ್ನು ಹಾಗೆ ಕರೆದದ್ದು ಅದೇ ಮೊದಲು.

"ತಿರುವು ಅಂದ್ಮೇಲೆ ಬೀಳೋದು ಇದ್ದದ್ದೇ. ಅಳತೆ ಎಲ್ಲಾ ಕಡೆ ಒಂದೇ ಇದೆ," ಅಂದ.

ಅಧ್ಯಕ್ಷರಿಗೆ ಕೇಳಿ ಕೇಳಿ ಸಾಕಾಗಿತ್ತು. "ಮಾತು ಬೇಡ, ನೋಡೇ ಬಿಡೋಣ. ಆ ಬಿಳಿ ಹೆಣ್ಣುಕುದುರೆಗೆ ಜೀನು ಹಾಕ್ಸಿ. ಗುಬ್ಬಿ ಒಂದು ಸುತ್ತು ಪೂರ್ತಿ ಜೋರಲ್ಲಿ ಓಡಿಸ್ಲಿ."

ಗುಬ್ಬಿ ಅಂದರೆ ಬೆಳಗಿನ ಓಟದ ಸವಾರಿಣಿ, ಮೇಸ್ತ್ರಿಯ ಮಗಳ ಬಾಲ್ಯದ ಗೆಳತಿ. ಅವನ ಮನೆಯ ಜಗಲಿಯ ಮೇಲೆ ಆಡಿ ಬೆಳೆದವಳು.

ಬಾಯಿ ತೆರೆದು ಅಲ್ಲೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅದರ ಬದಲು, ಟ್ರ್ಯಾಕಿನ ಗೇಟಿನ ಹತ್ತಿರ ಹೋಗಿ ಗುಬ್ಬಿಯ ಕಿವಿಯಲ್ಲಿ, ಮೂರನೇ ತಿರುವಲ್ಲಿ ಹೊರಗಿನ ಕಂಬಿ ಕಡೆಯಿಂದ ತಗೋ ಅಂದರೆ ಯಾರಿಗೂ ತಿಳಿಯುವುದಿಲ್ಲ ಅಂತ ಲೆಕ್ಕ ಹಾಕಿದ. "ಒಂದು ನಿಮಿಷ ಬಂದೆ," ಅಂತ ಹೊರಗೆ ನಡೆದ. ಮೆಟ್ಟಿಲಲ್ಲಿ ಒಬ್ಬ ಟ್ರೈನರು ತಡೆದು, "ಒಳ್ಳೆ ಮಾತು ಹೇಳಿದ್ರಿ," ಅಂತ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಗೇಟು ಮುಟ್ಟುವಾಗ ಕುದುರೆ ಆಗಲೇ ಹೊರಟಿತ್ತು.

ಮೇಸ್ತ್ರಿ ಓಡಿದ. ಅರವತ್ತು ಹತ್ತಿರವಾದ ದೇಹ, ರಬ್ಬರ್ ಬೂಟು, ನಡುವಿನ ಹುಲ್ಲು ಮೈದಾನ. ಎಡಕ್ಕೆ ಗೊರಸಿನ ಸದ್ದು ಮೊದಲನೆಯ ತಿರುವು ದಾಟಿತು, ಎರಡನೆಯದೂ ದಾಟಿತು. ಕೂಗಿದರೆ ಕೇಳುವ ದೂರವಲ್ಲ, ಉಸಿರೂ ಉಳಿದಿರಲಿಲ್ಲ. ಕಂಬಿಯ ಕೆಳಗೆ ನುಸುಳಿ, ಆ ಮೆತ್ತನೆ ಜಾಗದ ಮುಂದೆ ನಿಂತು, ಅಂಗಿ ಬಿಚ್ಚಿ ಬೀಸಿದ.

ಕುದುರೆ ನೇರ ಅವನ ಮೇಲೇ ಬರುತ್ತಿತ್ತು. ಅದರ ಕಿವಿ ಹಿಂದಕ್ಕೆ ಒರಗಿದ್ದು ಕಂಡಿತು. ಗುಬ್ಬಿಯ ಬಾಯಿ ತೆರೆದದ್ದು ಕಂಡಿತು. ಅವನು ಕದಲಲಿಲ್ಲ. ಕೊನೆಗಳಿಗೆಯಲ್ಲಿ ಅವಳು ಲಗಾಮನ್ನು ಹೊರಕ್ಕೆಳೆದಳು. ಕುದುರೆ ಸೊಂಟ ಮುರಿದುಹೋಗುವ ಹಾಗೆ ಹೊರಳಿ, ಅವನಿಗೆ ಮೊಳದ ದೂರದಲ್ಲಿ ಹಾದು, ಹೊರಗಿನ ಕಂಬಿಗೆ ಭುಜ ಒರೆಸಿಕೊಂಡು ಮುಂದೆ ಹೋಗಿ ನಿಂತಿತು. ಅವನ ಮುಖಕ್ಕೆ ಮಣ್ಣು ರಾಚಿತ್ತು.

"ತಲೆ ಕೆಟ್ಟಿದೆಯಾ ಮಾಮ ನಿಂಗೆ?" ಗುಬ್ಬಿ ಜೀನಿನಿಂದಲೇ ಕೂಗಿದಳು. "ಸಾಯ್ತಿದ್ದೆ ನೀನು."

"ನೀನು ಸಾಯ್ತಿದ್ದೆ," ಅಂದ ಮೇಸ್ತ್ರಿ.

ಮಗಳು ಓಡಿಬಂದು ಮೊದಲು ಕುದುರೆಯ ನಾಲ್ಕೂ ಕಾಲು ಸವರಿದಳು. ಹಿಂದೆಯೇ ಕಮಿಟಿಯವರು ಬಂದರು. ಎಲ್ಲರೆದುರು ಅವನು ಹೇಳಿದ: "ಬೆಳಗ್ಗೇನೇ ಗೊತ್ತಿತ್ತು. ಸುಳ್ಳು ಬರೆದೆ."

ಅವನೇ ಗುದ್ದಲಿ ತಂದು ಅಗೆದ. ಸಡಿಲ ಮಣ್ಣು ಸರಿದ ಮೇಲೆ ಗಟ್ಟಿ ಪದರ ಹಪ್ಪಳದ ಹಾಗೆ ಒಡೆಯಿತು. ಕೆಳಗೆ ಬಕೆಟ್ ಇಡುವಷ್ಟು ಪೊಳ್ಳು. ಯಾವ ಕಾಲದ್ದೋ ನೀರಿನ ಪೈಪು ಒಡೆದು, ಅಡಿಯ ಮಣ್ಣನ್ನು ಸದ್ದಿಲ್ಲದೆ ಕೊಚ್ಚಿ ಒಯ್ದಿತ್ತು. ಮಗಳು ಮೊಣಕೈವರೆಗೆ ಕೈ ಹಾಕಿ ನೋಡಿದಳು.

"ಮಣ್ಣಿನ ಕಥೆ ಮುಗೀತು," ಅಂದರು ಅಧ್ಯಕ್ಷರು. "ಮುಂದಿನ ತಿಂಗಳೇ ಸಿಂಥೆಟಿಕ್ ಹಾಕ್ಸಿ."

"ಇದರ ಮೇಲೆ ಹಾಕಿದ್ರೆ ಅದೂ ಕುಸಿಯುತ್ತೆ ಸರ್," ಅಂದಳು ಮಗಳು. "ಮೊದಲು ಅಡಿಪಾಯ ಪೂರ್ತಿ ಅಗೆಸ್ಬೇಕು. ಮೇಲೆ ಏನು ಹಾಸೋದು ಅನ್ನೋ ಜಗಳ ಆಮೇಲೆ ಆಡೋಣ."

ರೇಸುಗಳು ನಿಂತವು. ಅಳತೆಯ ಕೆಲಸ ಮೇಸ್ತ್ರಿಯಿಂದ ಹೋಯಿತು. ಅಗೆಯುವವರ ಜೊತೆ ನಿಂತು ಹಳೆಯ ಪೈಪುಗಳ ಜಾಡು ತೋರಿಸುವುದಷ್ಟೇ ಉಳಿಯಿತು. ಅಡಿಪಾಯ ಗಟ್ಟಿಯಾದ ಮೇಲೆ ಕಮಿಟಿ ಮತ್ತೆ ಸೇರಿ, ಎರಡು ಮತ ಹೆಚ್ಚಾಗಿ, ಸಿಂಥೆಟಿಕ್ಕೇ ಆಗಲಿ ಅಂದಿತು. ಅವನನ್ನು ಯಾರೂ ಕೇಳಲಿಲ್ಲ.

ಅಗೆತ ಶುರುವಾದ ಮೊದಲ ದಿನಗಳಲ್ಲಿ ಮನೆಯಲ್ಲಿ ಮಗಳು ಮಾತು ಬಿಟ್ಟಿದ್ದಳು. ಒಂಬತ್ತನೆಯ ದಿನ ಬೆಳಗ್ಗೆ ಬೂಟು ಹಾಕಿಕೊಳ್ಳುತ್ತ ಕೇಳಿದಳು.

"ಯಾಕಪ್ಪ ಹೇಳ್ಲಿಲ್ಲ?"

"ನಿನ್ನ ಮುಂದೆ ಸೋಲೋಕೆ ಮನಸ್ಸು ಬರ್ಲಿಲ್ಲ."

ಅವಳು ಇನ್ನೊಂದು ಬೂಟನ್ನು ಕೈಯಲ್ಲೇ ಹಿಡಿದು ಕೂತಳು.

"ಆ ತಿರುವಲ್ಲಿ ಬಿದ್ದ ಮೊದಲಿನ ಎರಡು ಕುದುರೆಗಳ ಎಕ್ಸ್‌ರೇನೂ ಒಂದೇ ಥರ ಇದ್ವು. ಕಾಲು ಹೂತು ತಿರುಚಿದ ಮುರಿತ. ನೆಲದ ಒಳಗೇ ಏನೋ ಆಗಿದೆ ಅಂತ ನಂಗೆ ಆಗ್ಲೇ ಅನುಮಾನ ಬಂದಿತ್ತು. ನಿನ್ನ ಹತ್ರ ಹೇಳ್ಲಿಲ್ಲ. ಸಭೇಲಿ ನಿನ್ನ ಬಾಯಿ ಮುಚ್ಚಿಸೋಕೆ ಬೇಕಾಗುತ್ತೆ ಅಂತ ಇಟ್ಕೊಂಡೆ." ಬೂಟು ಕೆಳಗಿಟ್ಟು ಸೇರಿಸಿದಳು, "ಮೂರನೇ ಕುದುರೆ ಬಿದ್ದಿದ್ದು ಅದಾದ್ಮೇಲೆ."

ಮೇಸ್ತ್ರಿಗೆ ಆ ಕುದುರೆ ನೆನಪಿತ್ತು. ಅವಳೇ ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಕೊನೆಯ ಸೂಜಿ ಚುಚ್ಚಿದ್ದಳು. ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತುಕೊಂಡ.