ಚಪ್ಪಾಳೆ ಮಾವ

ಟಿವಿ ಕಚೇರಿಯ ಎಡಿಟಿಂಗ್ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಕೂತವನನ್ನು ಎಲ್ಲರೂ ದರ್ಜಿ ಎಂದೇ ಕರೆಯುತ್ತಿದ್ದರು. ಸೂಜಿ ಹಿಡಿಯಲೂ ಬಾರದವನಿಗೆ ಆ ಹೆಸರು ಬಂದದ್ದು ಭಾಷಣಗಳನ್ನು ಹೊಲಿಯುವುದರಿಂದ. ಒಂದು ಗಂಟೆಯ ಭಾಷಣ ಎರಡು ನಿಮಿಷಕ್ಕೆ ಇಳಿಯಬೇಕೆಂದರೆ ನಡುವಿನದನ್ನು ಕತ್ತರಿಸಿ ಅಂಚಿಗೆ ಅಂಚು ಕೂಡಿಸಬೇಕು. ಕೂಡಿಸಿದಲ್ಲಿ ಮಾತಾಡುವವರ ತಲೆ ಪಕ್ಕನೆ ಜಿಗಿಯುತ್ತದೆ. ಅದು ಕಾಣದ ಹಾಗೆ ಮೇಲೊಂದು ತೇಪೆ ಬೇಕು. ಜನ ಚಪ್ಪಾಳೆ ತಟ್ಟುವ ದೃಶ್ಯವೇ ಆ ತೇಪೆ. ಯಾವ ಸಭೆಯ ಜನರಾದರೇನು, ಚಪ್ಪಾಳೆಗೂ ಊರು ಕೇರಿ ಇರುತ್ತದೆಯೇ ಎಂದು ದರ್ಜಿ ನಗುತ್ತಿದ್ದ.

ಅವನ ಬಳಿಯಿದ್ದ ತೇಪೆಗಳಲ್ಲಿ ಒಂದಂತೂ ಅಪ್ಪಟ ಚಿನ್ನ. ಏಳು ವರ್ಷದ ಕೆಳಗೆ, ನಾಡಿನ ನಾಯಕರು ಮೊದಲ ಸಲ ಚುನಾವಣೆ ಗೆದ್ದ ದಿನ ಸಿಕ್ಕಿದ್ದು. ಐವತ್ತರ ಆಸುಪಾಸಿನ ಗಂಡಸು, ಮುಂದಿನ ಒಂದು ಹಲ್ಲಿಲ್ಲ, ಎರಡೂ ಕೈ ತಲೆಯ ಮೇಲೆತ್ತಿ ಚಪ್ಪಾಳೆ ತಟ್ಟುತ್ತಾ ಸಂತೋಷಕ್ಕೆ ಗೊಳೋ ಎಂದು ಅಳುತ್ತಿದ್ದಾನೆ. ಅಂಥ ಮುಖ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕೋಣೆಯವರು ಅವನಿಗೆ ಚಪ್ಪಾಳೆ ಮಾವ ಎಂದು ಹೆಸರಿಟ್ಟರು. ದರ್ಜಿಯ ಮನೆಯಲ್ಲೂ ಅವನು ನೆಂಟನೇ ಆಗಿಬಿಟ್ಟಿದ್ದ. ಸುದ್ದಿಯಲ್ಲಿ ಕಂಡಾಗಲೆಲ್ಲ ಹೆಂಡತಿ, ನಿಮ್ಮ ಮಾವ ಬಂದರು, ಇನ್ನೊಂದು ತಟ್ಟೆ ಇಡಲೇ ಎಂದು ಗಂಡನನ್ನು ಕಾಡಿಸುತ್ತಿದ್ದಳು.

ಆ ನಾಯಕರನ್ನು, ಕಾರಿನಿಂದ ಇಳಿಯುತ್ತಿದ್ದ ಹಾಗೆಯೇ, ಯಾರೋ ಗುಂಡಿಕ್ಕಿ ಕೊಂದು ಒಂದು ದಿನವಾಗಿತ್ತು. ದರ್ಜಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಪರದೆಯ ಮೇಲೆ ಅವರು ನಕ್ಕರೆ ಇವನೂ ನಗುತ್ತಿದ್ದ, ಮರುಕ್ಷಣವೇ ನೆನಪಾಗಿ ನಗು ನಿಲ್ಲುತ್ತಿತ್ತು. ನಾಲ್ಕು ಗಂಟೆಗೆ ಶ್ರದ್ಧಾಂಜಲಿ ಚಿತ್ರ ಪ್ರಸಾರವಾಗಬೇಕಿತ್ತು. ಹಳೆಯ ಭಾಷಣಗಳನ್ನೆಲ್ಲ ಜೋಡಿಸಿದ್ದ. ಮಾವನನ್ನು ನಾಲ್ಕು ಕಡೆ ಕೂರಿಸಿದ್ದ. ಕೊನೆಯಲ್ಲಿ ಚಪ್ಪಾಳೆಯ ಸದ್ದು ತೆಗೆದು ಬರಿಯ ಅಳುವ ಮುಖವನ್ನು ನಿಧಾನವಾಗಿ ಓಡಿಸಿದರೆ ಸಂತೋಷದ ಕಣ್ಣೀರು ಸೂತಕದ ಕಣ್ಣೀರೇ ಆಗಿಹೋಯಿತು. ಅದನ್ನು ನೋಡಿ ಕಚೇರಿಯ ಮುಖ್ಯಸ್ಥರೇ ಕಣ್ಣೊರೆಸಿಕೊಂಡರು.

ಎರಡೂವರೆಗೆ ಹೆಂಡತಿ ಫೋನ್ ಮಾಡಿದಳು.

"ರೀ, ಕೊಂದವನ ಫೋಟೋ ಬಿಟ್ಟಿದಾರೆ. ನೋಡಿದ್ರಾ?"

"ಇಲ್ಲ ಕಣೇ. ಈಗಷ್ಟೇ ಕೆಲಸ ಮುಗೀತು."

ಅವಳು ದನಿ ತಗ್ಗಿಸಿದಳು. "ನಿಮ್ಮ ಚಪ್ಪಾಳೆ ಮಾವ ಅಲ್ವೇನ್ರೀ ಅದು?"

ಅವನು ಸುದ್ದಿಮನೆಗೆ ಓಡಿದ. ಗೋಡೆಯ ಟಿವಿಯಲ್ಲಿ ಆ ಮುಖವಿತ್ತು. ಕೆನ್ನೆ ಬತ್ತಿತ್ತು, ತಲೆ ಪೂರ್ತಿ ನರೆತಿತ್ತು, ಆದರೆ ತೆರೆದ ಬಾಯಲ್ಲಿ ಅದೇ ಖಾಲಿ ಜಾಗ. ಏಳು ವರ್ಷ ದಿನಾ ನೋಡಿದ ಮುಖ, ತನ್ನ ಸ್ವಂತ ಅಣ್ಣನ ಮುಖವನ್ನೂ ಅವನು ಅಷ್ಟು ನೋಡಿರಲಿಲ್ಲ.

ವಿಷಯ ಕೇಳಿ ಮುಖ್ಯಸ್ಥರು ಎಡಿಟಿಂಗ್ ಕೋಣೆಗೆ ಧಾವಿಸಿ ಬಂದರು.

"ನಾಲ್ಕೂ ಕಡೆಯಿಂದ ತೆಗಿಯಪ್ಪ. ಅವರ ಹೆಂಡತಿ ಮಕ್ಕಳು ನೋಡ್ತಿರ್ತಾರೆ. ಕೊಂದವನೇ ಅಳೋದನ್ನ ಅವರಿಗೆ ತೋರಿಸೋದಾ?"

ಮೂರು ಕಡೆ ತೆಗೆದದ್ದಾಯಿತು. ಉಳಿದದ್ದು, ನಷ್ಟದ ಬಟ್ಟೆ ಗಿರಣಿಯನ್ನು ಮುಚ್ಚುವುದಾಗಿ ಆರು ವರ್ಷದ ಹಿಂದೆ ನಾಯಕರು ಸಾರಿದ ಭಾಷಣ. ಅಷ್ಟರಲ್ಲಿ ಪಕ್ಕದ ಟಿವಿಯಲ್ಲಿ ವರದಿಗಾರ, ಕೊಂದವನು ಪೊಲೀಸರಿಗೆ ಹೇಳಿದ್ದನ್ನು ಓದತೊಡಗಿದ. ಅವನು ಅದೇ ಗಿರಣಿಯ ಕೆಲಸಗಾರನಂತೆ. ಗಿರಣಿ ಮುಚ್ಚಿದ್ದನ್ನು ಹೇಗೋ ನುಂಗಿಕೊಂಡನಂತೆ. ಆದರೆ ಮುಚ್ಚುವ ಮಾತಿಗೆ ಅವನು ಸಂತೋಷದಿಂದ ಅತ್ತು ಚಪ್ಪಾಳೆ ತಟ್ಟಿದ್ದನ್ನು ಊರೆಲ್ಲ ಟಿವಿಯಲ್ಲಿ ನೋಡಿತಂತೆ. ಜೊತೆಯವರು ದ್ರೋಹಿ ಎಂದರು, ಒಡಹುಟ್ಟಿದ ತಮ್ಮನೇ ಅವನ ಮನೆಯ ನೀರು ಮುಟ್ಟಲಿಲ್ಲ, ಮಗಳು ಗಂಡನ ಮನೆಯಿಂದ ಬರುವುದನ್ನು ಬಿಟ್ಟಳು. ಆ ಸಭೆಯಲ್ಲಿ ತಾನು ಇರಲೇ ಇಲ್ಲವೆಂದರೆ ಯಾರೂ ನಂಬಲಿಲ್ಲ. ಅವನು ಅಲ್ಲಿರಲಿಲ್ಲ ಎಂಬ ಆ ಒಂದು ಮಾತನ್ನು ನಾಯಕರ ಬಾಯಿಂದಲೇ ಹೇಳಿಸಲು ಆರು ವರ್ಷ ಅವರ ಬಾಗಿಲು ಕಾದನಂತೆ, ಒಮ್ಮೆಯೂ ಒಳಗೆ ಬಿಡಲಿಲ್ಲವಂತೆ.

"ತಲೆ ಕೆಟ್ಟಿದೆ," ಎಂದರು ಮುಖ್ಯಸ್ಥರು. "ತಾನೇ ತಟ್ಟಿ ತಾನೇ ಇಲ್ಲ ಅಂತಾನೆ. ಬೇಗ ಮುಗಿಸು, ಬೇರೆ ಯಾರದಾದ್ರೂ ಚಪ್ಪಾಳೆ ಹಾಕು."

ದರ್ಜಿ ಗೋಡೆಯತ್ತ ತಿರುಗಿದ. ಅವನ ಕೋಣೆಯ ಗೋಡೆಯಲ್ಲಿ, ಹಳೆಯ ಕ್ಯಾಲೆಂಡರಿನ ಹಿಂದೆ, ಟೇಪು ಹಚ್ಚಿದ ಒಂದು ಕಾಗದವಿತ್ತು. ಐದು ವರ್ಷದ ಕೆಳಗೆ ಬಂದದ್ದು. ಮಾವನಿಂದ ಕಾಗದ ಬಂದಿದೆ ಎಂದು ಕೋಣೆಯವರೆಲ್ಲ ಬಿದ್ದು ಬಿದ್ದು ನಕ್ಕು ಅದನ್ನು ಗೋಡೆಗೆ ಅಂಟಿಸಿದ್ದರು. ಆ ಭಾಷಣದಿಂದ ಮಾವನನ್ನು ತೆಗೆದರಾಯಿತು ಬಿಡು ಎಂದುಕೊಂಡಿದ್ದ ದರ್ಜಿ, ನಾಳೆ ನಾಡಿದ್ದು ಎನ್ನುತ್ತಾ ಮರೆತೇಬಿಟ್ಟ. ಗಿರಣಿಯ ಮಾತು ಬಂದಾಗಲೆಲ್ಲ ಅದೇ ತುಣುಕು ಪ್ರಸಾರವಾಯಿತು, ಮಾವ ಚಪ್ಪಾಳೆ ತಟ್ಟುತ್ತಲೇ ಇದ್ದ.

ಈಗ ಕ್ಯಾಲೆಂಡರ್ ಎತ್ತಿ ಓದಿದ. 'ಸ್ವಾಮಿ, ಗಿರಣಿ ಮುಚ್ಚುತ್ತೇವೆ ಎಂದ ದಿನ ನಾನು ಅಲ್ಲಿರಲಿಲ್ಲ. ಗಿರಣಿಯ ಗೇಟಿನ ಮುಂದೆ ಎಲ್ಲರ ಜೊತೆ ಕೂತಿದ್ದೆ. ದಯವಿಟ್ಟು ನನ್ನ ಕೈ ನಿಲ್ಲಿಸಿ.'

ಕೊಂದದ್ದು ಕೊಂದದ್ದೇ, ಅದಕ್ಕೆ ಯಾವ ಕಾಗದವೂ ಕ್ಷಮೆಯಾಗದು. ಅದು ದರ್ಜಿಗೂ ಗೊತ್ತಿತ್ತು. ಅವನು ಮಾವನನ್ನು ಅಳಿಸಿ, ಬೇರೆ ತೇಪೆ ಹುಡುಕಿದ. ಕೈ ತಟ್ಟುತ್ತಿದ್ದ ಒಬ್ಬ ಹೆಂಗಸು ಸಿಕ್ಕಳು. ಯಾರ ಮನೆಯವಳೋ, ಯಾವ ಮಾತಿಗೆ ತಟ್ಟಿದ್ದಳೋ. ಅವಳನ್ನು ಇದ್ದಲ್ಲಿಯೇ ಬಿಟ್ಟ, ಹೊಲಿಗೆಯ ಮೇಲೆ ತೇಪೆ ಹಾಕಲಿಲ್ಲ.

ನಾಲ್ಕು ಗಂಟೆಗೆ ಚಿತ್ರ ಶುರುವಾಯಿತು. ಗಿರಣಿಯ ಭಾಷಣದಲ್ಲಿ ನಾಯಕರ ತಲೆ ಎಲ್ಲರ ಕಣ್ಣೆದುರೇ ಪಕ್ಕನೆ ಜಿಗಿಯಿತು. ಹೆಂಡತಿಯ ಫೋನ್ ಬಂತು. ಚಿತ್ರದಲ್ಲೇನೋ ಕೆಟ್ಟಿದೆ ಎಂದಳು. ಅಂಥ ಪಾಪಿಯನ್ನು ಇಷ್ಟು ವರ್ಷ ಮನೆಯಲ್ಲಿ ಮಾವ ಎಂದೆವಲ್ಲ ಎಂದು ಅತ್ತಳು.

"ಅವನು ಆ ದಿನ ಅಲ್ಲಿ ಇರಲಿಲ್ಲ ಕಣೇ," ಎಂದ ದರ್ಜಿ. ಕಾಗದ ಅವನ ಕೈಯಲ್ಲೇ ಇತ್ತು, ಮುಖ್ಯಸ್ಥರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಅವನನ್ನ ಅಲ್ಲಿಗೆ ಕರ್ಕೊಂಡು ಬಂದವನು ನಾನು."