ಒಂದು ಮಂಗಳವಾರ ಶಾಲೆಗೆ ಹೋದ ಅಪ್ಪ

ಗುಬ್ಬಿಯ ಐದನೇ ತರಗತಿ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಮನೆಯಲ್ಲಿ ಮಾತ್ರ ಆಗಲೇ ಜಟಾಪಟಿ ಶುರುವಾಗಿತ್ತು. ಆರನೇ ತರಗತಿಗೆ ಯಾವ ಶಾಲೆ?

ಗುಬ್ಬಿ ಎಂಬುದು ಅಪ್ಪ ಕರೆಯುವ ಮುದ್ದಿನ ಹೆಸರು. ಅಪ್ಪನಿಗೆ ಬೇಕರಿಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಎದ್ದು ಹೋಗಿ, ಹಿಟ್ಟು ನಾದಿ, ಭಟ್ಟಿಗೆ ಬ್ರೆಡ್ಡು ಹಾಕಿ, ಹತ್ತು ಗಂಟೆಯ ಹೊತ್ತಿಗೆ ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಮನೆಗೆ ಬರುತ್ತಿದ್ದ. ಅಮ್ಮ ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು.

ಮನೆಯಿಂದ ಐದು ನಿಮಿಷ ನಡೆದರೆ ಸರ್ಕಾರಿ ಮಾಧ್ಯಮಿಕ ಶಾಲೆ. ಗೇಟಿಗೆ ತುಕ್ಕು ಹಿಡಿದಿತ್ತು, ಗೋಡೆಯ ಸುಣ್ಣ ಅಲ್ಲಲ್ಲಿ ಉದುರಿತ್ತು. ಊರಾಚೆ ಇನ್ನೊಂದು ಶಾಲೆ ಇತ್ತು. ಅದಕ್ಕೆ ನೀಲಿ ಗಾಜಿನ ಕಿಟಕಿಗಳು, ಮುಂದೆ ಹಸಿರು ಹುಲ್ಲು. ಅಲ್ಲಿಗೆ ವ್ಯಾನಿನಲ್ಲಿ ಹೋಗಬೇಕು, ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಗುಬ್ಬಿಗೋ ವಾಹನ ಹತ್ತಿದರೆ ಸಾಕು, ಹೊಟ್ಟೆ ತೊಳಸಿ ವಾಂತಿ.

"ಅಷ್ಟು ದೂರ ದಿನಾ ಹೇಗೆ ಹೋಗ್ತಾಳೆ ರೀ? ಮನೆಗೆ ಬರೋ ಹೊತ್ತಿಗೆ ಮಗು ಸೊಪ್ಪಾಗಿರುತ್ತೆ," ಎಂದಳು ಅಮ್ಮ.

"ಅಭ್ಯಾಸ ಆಗುತ್ತೆ."

"ಪಕ್ಕದಲ್ಲೇ ಶಾಲೆ ಇದೆಯಲ್ಲ..."

"ಆ ಶಾಲೆ ಮಾತು ಎತ್ತಬೇಡ," ಎಂದು ಅಪ್ಪ ತಟ್ಟೆ ಸರಿಸಿ ಎದ್ದುಬಿಟ್ಟ. "ನನ್ನ ಮಗಳು ಆ ಗೇಟು ದಾಟಲ್ಲ. ಅಷ್ಟೇ."

ಅಪ್ಪ ಹೀಗೆ ಕಡ್ಡಿ ಮುರಿದಂತೆ ಮಾತಾಡುವವನೇ ಅಲ್ಲ. ಸಂಜೆ ಗುಬ್ಬಿ ಆಡಲು ಹೋದ ಮೇಲೆ ಅಮ್ಮ ಅವನ ಪಕ್ಕದಲ್ಲಿ ಬಂದು ಕೂತು ಮೆಲ್ಲಗೆ ಕೇಳಿದಳು, "ಏನಾಯ್ತು ಅಂತ ನನಗಾದ್ರೂ ಹೇಳಿ."

ಹನ್ನೆರಡು ವರ್ಷದ ಸಂಸಾರದಲ್ಲಿ ಹೇಳದೇ ಇದ್ದದ್ದನ್ನು ಅಪ್ಪ ಆವತ್ತು ಹೇಳಿದ. ಅವನು ಓದಿದ್ದು ಅದೇ ಶಾಲೆಯಲ್ಲಿ, ಏಳನೇ ತರಗತಿವರೆಗೆ. ಅವನಿಗೆ ಅಕ್ಷರ ಸರಾಗವಾಗಿ ಬರುತ್ತಿರಲಿಲ್ಲ. ಅಂದಿನ ಮೇಷ್ಟ್ರು ದಿನಾ ಅವನನ್ನು ಎಬ್ಬಿಸಿ ನಿಲ್ಲಿಸಿ ಓದಿಸುತ್ತಿದ್ದರು. ಅವನು ತಡವರಿಸುತ್ತಿದ್ದ, ತರಗತಿ ನಗುತ್ತಿತ್ತು. ಒಂದು ದಿನ ನೀರು ಕುಡಿದು ಬರುತ್ತೇನೆ ಎಂದು ಹೊರಗೆ ಹೋದವನು ಮತ್ತೆ ಒಳಗೆ ಹೋಗಲೇ ಇಲ್ಲ.

"ಅದಾದ ಮೇಲೆ ಒಂದು ವಾರ ಮನೆ ಬಾಗಿಲಲ್ಲೇ ಕೂತಿದ್ದೆ ಕಣೇ," ಎಂದ ಅಪ್ಪ. "ಯಾರಾದ್ರೂ ಬಂದು ಕರೀತಾರೆ ಅಂತ. ಯಾರೂ ಬರಲಿಲ್ಲ."

ಅಮ್ಮ ಅವನ ಬೆನ್ನ ಮೇಲೆ ಕೈ ಇಟ್ಟಳು.

ಮರುದಿನ ಪಕ್ಕದ ಮನೆಯ ನರ್ಸಕ್ಕ ಬಂದಳು. ಆ ಬೀದಿಯ ಅರ್ಧ ಮಕ್ಕಳಿಗೆ ಸೂಜಿ ಚುಚ್ಚಿದವಳು ಅವಳೇ. ಹಾಗಾಗಿ ಅವಳನ್ನು ದೂರದಿಂದ ಕಂಡರೂ ಸಾಕು, ಮಕ್ಕಳು ತೋಳಿನ ಮೇಲೆ ಕೈ ಮುಚ್ಚಿಕೊಂಡು ಓಡುತ್ತಿದ್ದರು. ಅವಳ ಕಿರಿಯ ಮಗಳು ಅದೇ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ ಓದುತ್ತಿದ್ದಳು.

ಸಂಗತಿ ತಿಳಿದು ನರ್ಸಕ್ಕ ಅಪ್ಪನನ್ನು ಕೇಳಿದಳು, "ಆ ನೀಲಿ ಗಾಜಿನ ಶಾಲೆ ಒಳಗೆ ಹೋಗಿದ್ದೀಯಾ ತಮ್ಮಾ?"

"ಗೇಟಿಂದ ನೋಡಿದೀನಿ."

"ನಮ್ಮ ಶಾಲೆ ಒಳಗೆ?"

"ಇಪ್ಪತ್ತೈದು ವರ್ಷದ ಹಿಂದೆ."

"ಸರಿಹೋಯ್ತು! ಒಂದನ್ನ ಹೊರಗಿಂದ ನೋಡಿದೀಯ, ಇನ್ನೊಂದನ್ನ ಯಾವ ಕಾಲದಲ್ಲೋ ನೋಡಿದೀಯ. ರೋಗಿಯ ಅಂಗಿ ನೋಡಿ ಜ್ವರ ಎಷ್ಟಿದೆ ಅಂತ ನಾನು ಹೇಳಿದ್ರೆ ನೀನು ಒಪ್ತೀಯಾ? ಮೈ ಮುಟ್ಟಿ ನೋಡಬೇಕಲ್ವಾ?"

"ಶಾಲೇನ ಹೇಗಕ್ಕಾ ಮುಟ್ಟಿ ನೋಡೋದು? ನಾನೇನು ಓದಿದೋನಾ?"

"ಕಣ್ಣು ಕಿವಿ ಇದ್ರೆ ಸಾಕು. ವಾರ್ಷಿಕೋತ್ಸವದ ದಿನ ಮಾತ್ರ ಹೋಗಬೇಡ, ಆವತ್ತು ಎಲ್ಲಾ ಶಾಲೆನೂ ಮದುಮಗಳೇ. ಅನುಮತಿ ಕೇಳ್ಕೊಂಡು ಸುಮ್ನೆ ಒಂದು ಮಂಗಳವಾರ ಹೋಗು. ಹಿಂದೆ ಕೂತು ನೋಡು. ಮೇಷ್ಟ್ರು ಒಬ್ರೇ ಮಾತಾಡ್ತಾರೋ, ಮಕ್ಕಳೂ ಬಾಯಿ ಬಿಡ್ತಾರೋ? ತಪ್ಪು ಹೇಳಿದ ಮಗುಗೆ ಏನಾಗುತ್ತೆ? ನೋಟ್‌ಬುಕ್ ತೆಗೆದು ನೋಡು. ಬರೀ ಗೀಟು ಎಳೆದು ಬಿಟ್ಟಿದಾರೋ, ತಪ್ಪನ್ನ ಮತ್ತೆ ಬರೆಸಿ ತಿದ್ದಿದಾರೋ? ಕುಡಿಯೋ ನೀರು, ಶೌಚಾಲಯ ನೋಡದೆ ಮಾತ್ರ ಬರಬೇಡ." ನರ್ಸಕ್ಕ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. "ಕೊನೇಗೆ, ನಿನ್ನ ಎದೇಲಿ ಏನು ಚುಚ್ಚುತ್ತಾ ಇದೆಯೋ ಅದನ್ನೇ ನೇರವಾಗಿ ಕೇಳು. ಎರಡೂ ಕಡೆ ಕೇಳು."

ಮೊದಲು ಅಪ್ಪ ಅಮ್ಮ ಇಬ್ಬರೂ ನೀಲಿ ಗಾಜಿನ ಶಾಲೆಗೆ ಹೋದರು. ಅಲ್ಲಿನವರು ಮರ್ಯಾದೆಯಿಂದಲೇ ಮಾತಾಡಿಸಿದರು. ಸಭಾಂಗಣ ತೋರಿಸಿದರು, ಬಹುಮಾನದ ಕಪಾಟು ತೋರಿಸಿದರು. ಪಾಠ ನಡೆಯುವ ಕೋಣೆಯೊಳಗೆ ಕೂರಬಹುದೇ ಎಂದು ಕೇಳಿದಾಗ, "ಇಲ್ಲಿ ಆ ಪದ್ಧತಿ ಇಲ್ಲ," ಎಂದರು. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದಾಗ, "ಮನೆ ಪಾಠಕ್ಕೆ ಹಾಕಿ," ಎಂದರು. ಅಪ್ಪ ತಲೆಯಾಡಿಸಿ ಬಂದ.

ಮುಂದಿನ ಮಂಗಳವಾರ ಸರ್ಕಾರಿ ಶಾಲೆ. ತುಕ್ಕು ಹಿಡಿದ ಗೇಟಿನ ಮುಂದೆ ಬಂದಾಗ ಅಪ್ಪ ನಿಂತುಬಿಟ್ಟ. ಅಮ್ಮ ಅವನ ತೋಳು ಹಿಡಿದುಕೊಂಡು ನಕ್ಕಳು. "ನೀವೀಗ ಏಳನೇ ಕ್ಲಾಸಲ್ಲಿಲ್ಲ ರೀ. ಬನ್ನಿ."

ಆರನೇ ತರಗತಿಯಲ್ಲಿ ಲೆಕ್ಕದ ಪಾಠ ನಡೆಯುತ್ತಿತ್ತು. ಅನುಮತಿ ಕೇಳಿಕೊಂಡು ಇಬ್ಬರೂ ಹಿಂದಿನ ಬೆಂಚಿನಲ್ಲಿ ಮುದುರಿ ಕೂತರು. ಎರಡು ಜಡೆಯ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ, ಐದನೇ ಎರಡು ಭಾಗ ಎಂದು ಬರೆದಳು. ಉತ್ತರ ತಪ್ಪು. ದಿನಾ ಹಿಟ್ಟು ಅಳೆಯುವ ಅಪ್ಪನಿಗೆ ಅದು ಕೂಡಲೇ ಗೊತ್ತಾಯಿತು. ಇನ್ನೇನು ಬೈಗುಳ ಬೀಳುತ್ತದೆ ಎಂದು ತಾನೇ ತಲೆ ತಗ್ಗಿಸಿದ.

"ಇದು ಹೇಗೆ ಬಂತು, ನಮಗೂ ಹೇಳು," ಎಂದರು ಮೇಷ್ಟ್ರು.

"ಮೇಲಿನದಕ್ಕೆ ಮೇಲಿನದು ಕೂಡಿಸ್ದೆ, ಕೆಳಗಿನದಕ್ಕೆ ಕೆಳಗಿನದು ಕೂಡಿಸ್ದೆ ಸಾರ್."

"ಸರಿ. ನಿನ್ನ ಹತ್ರ ಅರ್ಧ ಬ್ರೆಡ್ ಇತ್ತು. ನಾನು ಇನ್ನೊಂದಿಷ್ಟು ಕೊಟ್ಟೆ. ಈಗ ನಿನ್ನ ಉತ್ತರ ನೋಡು. ಅರ್ಧಕ್ಕಿಂತ ಜಾಸ್ತಿ ಇದೆಯಾ, ಕಮ್ಮಿ ಇದೆಯಾ?"

ಹುಡುಗಿ ಬೋರ್ಡನ್ನೇ ನೋಡುತ್ತಾ ನಿಂತಳು. ಮೇಷ್ಟ್ರು ಅವಸರ ಮಾಡಲಿಲ್ಲ. ಮುಂದಿನ ಬೆಂಚಿನವನೊಬ್ಬ ಉತ್ತರ ಹೇಳಲು ಬಾಯಿ ತೆರೆದಾಗ ಕೈಸನ್ನೆಯಲ್ಲೇ ತಡೆದರು.

"ಅಯ್ಯೋ ಸಾರ್! ನೀವು ಕೊಟ್ಟ ಮೇಲೆ ಕಮ್ಮಿ ಆಗೋಗಿದೆ!" ಎಂದಳು ಹುಡುಗಿ.

ತರಗತಿ ಗೊಳ್ಳೆಂದಿತು. ಹುಡುಗಿಯೂ ನಕ್ಕಳು. ಮೇಷ್ಟ್ರು ಒಂದು ಆಯತ ಬರೆದು ಆರು ಪಾಲು ಮಾಡಿಸಿದರು. ಹುಡುಗಿ ಅರ್ಧಕ್ಕೆ ಮೂರು ಪಾಲು, ಮೂರನೇ ಒಂದಕ್ಕೆ ಎರಡು ಪಾಲು ಎಣಿಸಿ, ಹಳೆಯ ಉತ್ತರ ಒರೆಸಿ, ಆರನೇ ಐದು ಭಾಗ ಎಂದು ಬರೆದಳು. ಅಪ್ಪನಿಗೆ ಗೊತ್ತಿಲ್ಲದ ಹಾಗೆ ಅವನ ಬಾಯಿಂದ "ಭಲೆ!" ಎಂದು ಬಂದುಬಿಟ್ಟಿತು. ಎಲ್ಲರೂ ತಿರುಗಿ ನೋಡಿದರು. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಪಾಠ ಮುಗಿದ ಮೇಲೆ ಇಬ್ಬರೂ ನಾಲ್ಕಾರು ನೋಟ್‌ಬುಕ್ ತಿರುವಿ ನೋಡಿದರು. ತಪ್ಪಿನ ಪಕ್ಕದಲ್ಲಿ ಸಣ್ಣ ಸೂಚನೆ, ಅದರ ಕೆಳಗೆ ಮಗು ಮತ್ತೆ ಮಾಡಿದ ಲೆಕ್ಕ. ಗ್ರಂಥಾಲಯದ ಪುಸ್ತಕಗಳ ಅಂಚು ಕೈ ತಾಗಿ ತಾಗಿ ಮೆತ್ತಗಾಗಿತ್ತು. ನಲ್ಲಿಯ ನೀರು ಚೆನ್ನಾಗಿತ್ತು. ಆದರೆ ಹೆಣ್ಣುಮಕ್ಕಳ ಶೌಚಾಲಯದ ಒಂದು ಬಾಗಿಲಿಗೆ ಚಿಲಕವೇ ಇರಲಿಲ್ಲ. ಅಮ್ಮನ ಮುಖ ಗಂಟಿಕ್ಕಿತು.

ಹೆಡ್‌ಮೇಡಂ ಕೋಣೆಯಲ್ಲಿ ಅಮ್ಮ ಮೊದಲು ಅದನ್ನೇ ಕೇಳಿದಳು.

"ನಿಜ, ಮುರಿದು ಒಂದು ತಿಂಗಳಾಯ್ತು," ಎಂದರು ಮೇಡಂ. "ಇನ್ನೊಂದು ಕೊರತೆನೂ ಹೇಳ್ತೀನಿ, ಆಮೇಲೆ ನಿಮಗೆ ಮೋಸ ಆಯ್ತು ಅನ್ನಿಸಬಾರದು. ನಾಲ್ಕು ತಿಂಗಳಿಂದ ವಿಜ್ಞಾನಕ್ಕೆ ಟೀಚರ್ ಇಲ್ಲ. ಸದ್ಯ ನಾನೇ ಪಾಠ ಮಾಡ್ತಿದೀನಿ. ಮೇಲಿನವರಿಗೆ ಮೂರು ಸಲ ಬರೆದಿದೀನಿ. ಪೋಷಕರೂ ಬರೆದ್ರೆ ಕಾಗದಕ್ಕೆ ಬಲ ಬರುತ್ತೆ."

ಕೊರತೆಯನ್ನು ಇಷ್ಟು ನೇರವಾಗಿ ಹೇಳಿದ್ದು ಕೇಳಿ ಅಪ್ಪನಿಗೆ ಆಶ್ಚರ್ಯವಾಯಿತು. "ಪರೀಕ್ಷೆ ಅಂಕ ಹೇಗಿದೆ ಮೇಡಂ?" ಎಂದ.

"ಪಟ್ಟಿ ಕೊಡ್ತೀನಿ, ನೋಡಿ. ಆದ್ರೆ ಅಂಕ ಒಂದನ್ನೇ ನೋಡಬೇಡಿ. ಆರನೇ ಕ್ಲಾಸಿಗೆ ಬಂದಾಗ ಆ ಮಗು ಎಲ್ಲಿತ್ತು, ಎಂಟು ಮುಗಿಸಿದಾಗ ಎಲ್ಲಿಗೆ ಬಂತು, ಅದನ್ನೂ ನೋಡಿ. ಹೋದ ವರ್ಷ ಆರಕ್ಕೆ ಸೇರಿದವರಲ್ಲಿ ಹನ್ನೊಂದು ಮಕ್ಕಳಿಗೆ ಓದೋಕೆ ಬರ್ತಿರಲಿಲ್ಲ. ಅವರನ್ನ ಬೇರೆ ಕೂರಿಸಿ ದಿನಾ ಅರ್ಧ ಗಂಟೆ ಓದಿಸಿದ್ವಿ. ಈಗ ಒಂಬತ್ತು ಜನ ಓದ್ತಾರೆ. ಇನ್ನಿಬ್ಬರಿಗೆ ಇನ್ನೂ ಸಮಯ ಬೇಕು."

ನರ್ಸಕ್ಕ ನೇರವಾಗಿ ಕೇಳು ಎಂದಿದ್ದ, ಅಪ್ಪನ ಎದೆ ಚುಚ್ಚುತ್ತಿದ್ದ ಪ್ರಶ್ನೆ ಇನ್ನೂ ಉಳಿದಿತ್ತು.

"ಒಂದು ಮಗು... ನಡುವೆ ಎದ್ದು ಹೋಗಿ ವಾಪಸ್ ಬರಲೇ ಇಲ್ಲ ಅಂದ್ರೆ, ಯಾರು ಹುಡುಕ್ತಾರೆ ಮೇಡಂ?"

ಮೇಡಂ ಹಾಜರಿ ಪುಸ್ತಕ ತೆರೆದು ಅವನ ಮುಂದಿಟ್ಟರು. ಅಲ್ಲಲ್ಲಿ ಕೆಂಪು ಸುತ್ತು. "ಎರಡು ದಿನ ಬರದಿದ್ರೆ ಈ ಸುತ್ತು ಹಾಕ್ತೀವಿ. ಮೂರನೇ ದಿನ ಆ ಕ್ಲಾಸಿನ ಟೀಚರ್ ಮನೆಗೆ ಹೋಗ್ತಾರೆ. ನಾವು ಮೂರು ಸಲ ಮನೆಗೆ ಹೋದ ಮೇಲೆ ಈ ಹುಡುಗಿ ಬಂದ್ಲು. ಈ ಹುಡುಗ ಇನ್ನೂ ಬಂದಿಲ್ಲ, ನಾವು ಹೋಗೋದು ಬಿಟ್ಟಿಲ್ಲ."

ಅಪ್ಪ ಆ ಕೆಂಪು ಸುತ್ತಿನ ಮೇಲೆ ಬೆರಳಿಟ್ಟ. "ನಾನೂ ಇಲ್ಲೇ ಓದಿದ್ದು ಮೇಡಂ. ಏಳನೇ ಕ್ಲಾಸಲ್ಲಿ ಎದ್ದು ಹೋದೆ. ನನ್ನನ್ನ ಯಾರೂ ಹುಡುಕ್ಕೊಂಡು ಬರಲಿಲ್ಲ."

ಹೊರಗೆ ಮಕ್ಕಳು ನಲ್ಲಿಯ ಹತ್ತಿರ ಗಲಾಟೆ ಮಾಡುತ್ತಿದ್ದರು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬರಬೇಕಿತ್ತು," ಎಂದರು. "ಆಗ ನಾನು ಇಲ್ಲಿರಲಿಲ್ಲ. ಆದ್ರೂ ಈಗ ಈ ಕುರ್ಚೀಲಿ ಕೂತಿರೋಳು ನಾನು, ನಾನೇ ಹೇಳ್ತೀನಿ. ತಪ್ಪಾಯ್ತಪ್ಪಾ."

ಅಪ್ಪ ಎದ್ದು ಹೊರಗೆ ಹೋದ. ನಲ್ಲಿಯಲ್ಲಿ ಮುಖ ತೊಳೆದುಕೊಂಡ. ಒಂದು ಬೊಗಸೆ ನೀರು ಕುಡಿದ. ಆಮೇಲೆ ತಿರುಗಿ ಒಳಗೆ ಬಂದು ಕೂತ.

ಸಂಜೆ ಗುಬ್ಬಿಯನ್ನು ಕೂರಿಸಿಕೊಂಡು ಇಬ್ಬರೂ ಎಲ್ಲವನ್ನೂ ಹೇಳಿದರು, ಒಳ್ಳೆಯದನ್ನೂ ಕೊರತೆಯನ್ನೂ. ಗುಬ್ಬಿ ದೊಡ್ಡವಳ ಹಾಗೆ ಯೋಚಿಸಿ, "ವ್ಯಾನ್ ಇಲ್ಲ ತಾನೇ? ಹಾಗಾದ್ರೆ ಹೋಗ್ತೀನಿ. ಆದ್ರೆ ಆ ಬಾಗಿಲಿಗೆ ಚಿಲಕ ಹಾಕಿಸಬೇಕು," ಎಂದಳು.

ಚಿಲಕ ತಾನಾಗಿ ಬಂದು ಕೂರಲಿಲ್ಲ. ಅಮ್ಮ ಮತ್ತು ನರ್ಸಕ್ಕ ಮನೆ ಮನೆಗೆ ಹೋಗಿ ಪೋಷಕರನ್ನು ಸಭೆಗೆ ಕರೆದರು. ಮೂವತ್ತು ಜನ ಸಹಿ ಹಾಕಿ ಒಂದು ಅರ್ಜಿ ಬರೆದರು. ರಜೆ ಮುಗಿಯುವುದರೊಳಗೆ ಚಿಲಕ ಬಂತು. ವಿಜ್ಞಾನದ ಟೀಚರ್ ಬರಲು ಶಾಲೆ ಶುರುವಾಗಿ ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಇನ್ನೆರಡು ಅರ್ಜಿ ಹೋಗಿದ್ದವು. ಗೋಡೆಗೆ ಇನ್ನೂ ಸುಣ್ಣ ಬಳಿದಿಲ್ಲ.

ಗುಬ್ಬಿ ಶಾಲೆಗೆ ಹೋಗತೊಡಗಿದ ಎರಡನೇ ತಿಂಗಳು ಅಪ್ಪ ಒಂದು ವಿಷಯ ಗಮನಿಸಿದ. ಭಾಗಾಕಾರದ ಲೆಕ್ಕ ಬಂದ ದಿನ ಅವಳು ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ. ಅವಳು ಮಲಗಿದ್ದಾಗ ಅವಳ ನೋಟ್‌ಬುಕ್ ತೆರೆದು, ಪೆನ್ಸಿಲ್ ಹಿಡಿದು ಕೂತ. ಕಾಲು ಗಂಟೆ ಹಿಡಿಯಿತು. ಎರಡು ಕಡೆ ಒತ್ತಕ್ಷರ ತಪ್ಪಿತು. ಅವನು ಬರೆದದ್ದು ಇಷ್ಟು:

"ಮೇಷ್ಟ್ರೇ, ಮಗಳಿಗೆ ಭಾಗಾಕಾರ ಬರುವುದಿಲ್ಲ. ಹೇಳಲು ನಾಚಿಕೆ ಅವಳಿಗೆ. ದಯವಿಟ್ಟು ನೋಡಿ."

ಮರುದಿನ ನೋಟ್‌ಬುಕ್ಕಿನಲ್ಲಿ ಅದರ ಕೆಳಗೆ ಉತ್ತರವಿತ್ತು. ಅಪ್ಪ ಗುಬ್ಬಿಯನ್ನೂ ಅಮ್ಮನನ್ನೂ ಕರೆದು, ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ತಾನೇ ಗಟ್ಟಿಯಾಗಿ ಓದಿದ.

"ತಿಳಿಸಿದ್ದು ಒಳ್ಳೆಯದಾಯಿತು. ನಾಳೆಯಿಂದ ಮಧ್ಯಾಹ್ನದ ಬಿಡುವಿನಲ್ಲಿ ಹತ್ತು ನಿಮಿಷ ನಾನೂ ಅವಳೂ ಕೂರುತ್ತೇವೆ. ಹದಿನೈದು ದಿನ ಬಿಟ್ಟು ನೀವೂ ಬಂದು ನೋಡಿ."

ಹದಿನೈದು ದಿನ ಬಿಟ್ಟು ಅಪ್ಪ ಹೋದ. ಬೇಕರಿಯಿಂದ ನೇರವಾಗಿ, ಹುಬ್ಬಿನ ಹಿಟ್ಟನ್ನೂ ಒರೆಸಿಕೊಳ್ಳದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಆರನೇ ತರಗತಿಗೆ ಹೋಗುವ ಮಗು ಇರಬಹುದು. ನಿಮ್ಮ ಬೀದಿಯ ಸರ್ಕಾರಿ ಶಾಲೆ ಈ ಕಥೆಯ ಶಾಲೆಗಿಂತ ಚೆನ್ನಾಗಿರಬಹುದು, ಇದಕ್ಕಿಂತ ಕೆಟ್ಟದಾಗಿಯೂ ಇರಬಹುದು. ಹೊರಗೆ ನಿಂತರೆ ಅದು ತಿಳಿಯುವುದಿಲ್ಲ. ಹಳೆಯ ನೆನಪಿನಿಂದಲೋ, ಬೇರೆಯವರ ಬಾಯಿಮಾತಿನಿಂದಲೋ ತೀರ್ಮಾನ ಮಾಡಬೇಡಿ. ಈ ವಾರವೇ ಒಂದು ದಿನ ಅನುಮತಿ ಕೇಳಿ ಒಳಗೆ ಹೋಗಿ. ತಪ್ಪು ಮಾಡಿದ ಮಗುವನ್ನು ಅಲ್ಲಿ ಹೇಗೆ ಮಾತಾಡಿಸುತ್ತಾರೆ, ಬರದೇ ಇದ್ದ ಮಗುವನ್ನು ಯಾರು ಹುಡುಕುತ್ತಾರೆ, ಕೇಳಿ. ನಿಮಗೆ ಓದು ಬರಹ ಅಷ್ಟಾಗಿ ಬಾರದಿದ್ದರೂ ಕೇಳಿ, ಕೇಳುವ ಹಕ್ಕು ನಿಮ್ಮದು. ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು ಮೇಷ್ಟ್ರಿಗೆ ಬಾಯಿ ತುಂಬ ಹೇಳಿ. ಕೊರತೆ ಕಂಡರೆ ಹಿಂದಿನಿಂದ ಆಡಿಕೊಳ್ಳದೆ ನಾಲ್ಕು ಜನ ಸೇರಿ ಅರ್ಜಿ ಬರೆಯಿರಿ. ನಿಮ್ಮ ಮಗು ಓದುವ ಶಾಲೆಗೆ ನೀವು ಹೋಗದೆ ಇನ್ಯಾರು ಹೋಗಬೇಕು?